ಪಾಲಾದ ಮೇಲೆ ಬದುವಿನ ಜಗಳ

"ಒಟ್ಟಿಗೆ ಬಾಳಲಾಗದ ಜನಾಂಗಗಳಿಗೆ ಬೇರೆ ಬೇರೆ ದೇಶ ಮಾಡಿಕೊಟ್ಟರೆ ಜಗಳ, ಸಾಮಾಜಿಕ ಸಂಘರ್ಷ ಎಲ್ಲ ಅಲ್ಲಿಗೆ ಮುಗಿಯುವುದಿಲ್ಲವೇ? ಅಣ್ಣತಮ್ಮಂದಿರು ಪಾಲಾಗಿ ನೆಮ್ಮದಿಯಿಂದ ಇರುವುದಿಲ್ಲವೇ?" ಎಂದು ಕೇಳಿದ್ದೀರಿ. ಪಾಲಿನ ಮಾತನ್ನು ನೀವೇ ಎತ್ತಿರುವುದರಿಂದ ನಾನೂ ಅಲ್ಲಿಂದಲೇ ಹೊರಡುತ್ತೇನೆ.

ನಮ್ಮ ಮೂಲ ಊರು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮ ಅಜ್ಜ ಮತ್ತು ಅವರ ತಮ್ಮ ಬೇರೆಯಾದಾಗ ಪಂಚರು ಎರಡು ದಿನ ಕುಳಿತು ಹೊಲ, ಎತ್ತು, ಹಗೇವಿನ ಜೋಳ, ಕೊನೆಗೆ ಒರಳು ಯಾರಿಗೆ, ಬೀಸುಕಲ್ಲು ಯಾರಿಗೆ ಎಂಬುದನ್ನೂ ಬರೆಸಿದರಂತೆ. ಮನೆಯೊಳಗಿನ ಜಗಳ ನಿಜಕ್ಕೂ ನಿಂತಿತು. ಒಲೆ ಎರಡಾದವು, ಯಾರ ಮಕ್ಕಳ ತಟ್ಟೆಗೆ ಎಷ್ಟು ಬೆಣ್ಣೆ ಬಿತ್ತು ಎಂಬ ಗೊಣಗಾಟ ಹೋಯಿತು. ಆದರೆ ಅಲ್ಲಿಯವರೆಗೆ ಒಂದೇ ಆಗಿದ್ದ ಹೊಲದ ನಡುವೆ ಒಂದು ಬದು ಎದ್ದಿತು. ಬದುವಿನ ಮೇಲೊಂದು ಬೇವಿನ ಗಿಡ. ಗಿಡ ಯಾರದು, ಈ ವರ್ಷ ಯಾರ ನೇಗಿಲು ಬದುವನ್ನು ಎಷ್ಟು ಗೇಣು ಕೊರೆಯಿತು ಎಂಬ ತಕರಾರು ನನ್ನ ಬಾಲ್ಯದವರೆಗೂ ಬಂತು. ಇನ್ನೂ ಒಂದು ಸಂಗತಿ ಇದೆ. ಅಜ್ಜನ ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದರು. ಪಾಲುಪತ್ರದಲ್ಲಿ ಅವರ ಹೆಸರು ಎಲ್ಲಿಯೂ ಇರಲಿಲ್ಲ. ಆರು ತಿಂಗಳು ಈ ಮನೆ, ಆರು ತಿಂಗಳು ಆ ಮನೆ ಎಂದು ಬಟ್ಟೆಯ ಗಂಟು ಹೊತ್ತು ಬದು ದಾಟುತ್ತಲೇ ಅವರ ಆಯುಷ್ಯ ಕಳೆಯಿತು.

ದೇಶ ಒಡೆಯುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅಜ್ಜನ ಅಕ್ಕ, ಆ ದೊಡ್ಡಜ್ಜಿ. ಪಾಲು ಒಂದು ಜಗಳವನ್ನು ನಿಲ್ಲಿಸಬಲ್ಲದು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯಾರು ಆಳಬೇಕು ಎಂಬ ಜಗಳ ಅದು. ಆಳುವವರ ಪೈಕಿ ಅಲ್ಲದವರು ಹೇಗೆ ಬಾಳಬೇಕು ಎಂಬ ಜಗಳ ಮಾತ್ರ ಗಡಿ ದಾಟಿ ನಮ್ಮ ಜೊತೆಗೇ ಬರುತ್ತದೆ.

ನನಗೆ ಇದನ್ನು ಕಲಿಸಿದ್ದು ಗೋವಾ. ಅಪ್ಪ 1969ರಲ್ಲಿ ಮುರ್ಮುಗಾಂವ್ ಬಂದರಿನ ಅದಿರಿನ ಕೆಲಸಕ್ಕೆಂದು ವಾಸ್ಕೋಗೆ ಬಂದರು. ನಾನು ಹುಟ್ಟಿ ಬೆಳೆದದ್ದು ಇಲ್ಲಿಯೇ. ಇಲ್ಲಿನ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಮಂಗೋರ್ ಹಿಲ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಫೋಂಡಾ ಕಡೆಯವರು, ಕೊಂಕಣಿ ಮಾತಿನವರು. 1967ರ ಜನವರಿ 16ರ ಕಥೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ.

ಪೋರ್ಚುಗೀಸರು ಹೋಗಿ ಐದು ವರ್ಷವಾಗಿತ್ತು. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿ ಬೇರೆಯೇ ಉಳಿಯಬೇಕೇ ಎಂದು ಆ ದಿನ ಜನರನ್ನೇ ಕೇಳಲಾಯಿತು. ವಿಲೀನಕ್ಕೆ ಹೂವಿನ ಗುರುತು, ಬೇರೆ ಇರುವುದಕ್ಕೆ ಎರಡು ಎಲೆಯ ಗುರುತು. ಒಡತಿಯ ಗಂಡನ ಮನೆಯವರು ಮುಂಡಕಾರರು. ಮುಂಡಕಾರ ಎಂದರೆ ಭಾಟಕಾರನ, ಅಂದರೆ ಜಮೀನ್ದಾರನ, ತೋಟದಲ್ಲಿ ಗುಡಿಸಲು ಕಟ್ಟಿಕೊಂಡವನು. ಗುಡಿಸಲು ತನ್ನದು, ನೆಲ ಧಣಿಯದು. ಮಾಡಿಗೆ ಹೊಸ ಗರಿ ಹೊದಿಸಬೇಕಾದರೂ ಭಾಟಕಾರನ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತು ಕೇಳಬೇಕಿತ್ತಂತೆ. ಮಹಾರಾಷ್ಟ್ರಕ್ಕೆ ಸೇರಿದರೆ ಈ ಧಣಿಗಳ ದರ್ಪ ಮುರಿಯುತ್ತದೆ ಎಂದು ಗಂಡ ಹೂವಿಗೆ ಮತ ಹಾಕಲು ಹೊರಟರು. ಹೆಂಡತಿಗೆ ಬೇರೆಯದೇ ಅಂಜಿಕೆ. ಅಲ್ಲಿಗೆ ಸೇರಿದರೆ ತನ್ನ ತಾಯಿಮಾತು ಮರಾಠಿಯ ಒಂದು ಒರಟು ಸೊಲ್ಲು ಎನಿಸಿಕೊಳ್ಳುತ್ತದೆ ಎಂದು. ಗಂಡನ ಹಿಂದೆಯೇ ನಡೆದು ಹೋಗಿ, ಹೆಂಗಸರ ಸಾಲಿನಲ್ಲಿ ನಿಂತು, ಎರಡು ಎಲೆಗೆ ಗುರುತು ಹಾಕಿ ಬಂದರು. ಗಂಡ ತೀರಿಕೊಳ್ಳುವವರೆಗೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಬೇರೆ ಇರಬೇಕು ಎಂದವರು 1,72,191, ಸೇರಬೇಕು ಎಂದವರು 1,38,170. ಅಂತರ 34,021. ಸೋತವರು ಸೋಲನ್ನು ಒಪ್ಪಿಕೊಂಡರು. ವಿಲೀನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ದೇಶದೊಳಗೆ ಸಿಗಲಾರದು. ಆದರೆ ಮುಂದೆ ಆದದ್ದನ್ನೂ ನೋಡಿ. ಎರಡೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ಗೆದ್ದದ್ದು ವಿಲೀನ ಬೇಕೆಂದು ಹೋರಾಡಿ ಆಗಷ್ಟೇ ಸೋತಿದ್ದ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ. ಮತ್ತೆ ಮುಖ್ಯಮಂತ್ರಿಯಾದದ್ದು ದಯಾನಂದ ಬಾಂದೋಡಕರ್. ನಾನು ಇದನ್ನು ಎಷ್ಟೋ ಸಲ ತಿರುವಿ ಹಾಕಿ ಯೋಚಿಸಿದ್ದೇನೆ. ವಿಲೀನ ಬೇಡ ಎಂದ ಜನರೇ, ಮೇಲ್ಜಾತಿಯ ಭಾಟಕಾರರಿಗೆ ಎದುರು ನಿಂತ ಬಹುಜನ ಸಮಾಜದ ಮನುಷ್ಯನನ್ನು ಮಾತ್ರ ಬಿಟ್ಟುಕೊಡಲಿಲ್ಲ. ಒಡತಿಯ ಮನೆಯಲ್ಲಿ ಗಂಡ ಕೇಳಿದ್ದು ಒಂದು ಪ್ರಶ್ನೆ, ಹೆಂಡತಿ ಕೇಳಿದ್ದು ಇನ್ನೊಂದು. ಮತಪತ್ರದಲ್ಲಿ ಜಾಗವಿದ್ದದ್ದು ಒಂದಕ್ಕೆ ಮಾತ್ರ. ಗಂಡನ ಪ್ರಶ್ನೆಗೆ ಉತ್ತರ ಸಿಗಲು 1975ರವರೆಗೆ ಕಾಯಬೇಕಾಯಿತು. ಮುಂಡಕಾರರನ್ನು ಎಬ್ಬಿಸಬಾರದು, ಮನೆ ನಿಂತ ಜಾಗವನ್ನು ಅವರು ಕೊಳ್ಳಬಹುದು ಎಂಬ ಕಾಯಿದೆ ಆ ವರ್ಷ ಬಂತು. ಅದನ್ನು ತಂದದ್ದು ಹೂವೂ ಅಲ್ಲ, ಎಲೆಯೂ ಅಲ್ಲ.

ಹೆಂಡತಿಯ ಪ್ರಶ್ನೆಯಾದರೂ ತೀರಿತೇ? ಕೊಂಕಣಿಗಾಗಿ 1986ರಲ್ಲಿ ಬೀದಿಗಳಲ್ಲಿ ರಕ್ತ ಹರಿಯಿತು. ಮರುವರ್ಷ ದೇವನಾಗರಿ ಲಿಪಿಯ ಕೊಂಕಣಿ ರಾಜಭಾಷೆಯಾಯಿತು, ಮೇ 30ರಂದು ಗೋವಾ ರಾಜ್ಯವಾಯಿತು. ಆಗ ರೋಮನ್ ಲಿಪಿಯಲ್ಲಿ ತಲೆತಲಾಂತರದಿಂದ ಕೊಂಕಣಿ ಬರೆಯುತ್ತಿದ್ದ ಕ್ರೈಸ್ತರು ತಾವು ಹೊರಗುಳಿದೆವು ಎಂದರು. ಆ ದೂರು ಇವತ್ತಿಗೂ ಇದೆ. ಬಾಳೆದಿಂಡಿನ ಒಂದು ಪದರ ಸುಲಿದರೆ ಒಳಗೆ ಇನ್ನೊಂದು.

ಇನ್ನೂ ಒಳಗಿನ ಪದರದಲ್ಲಿ ನಾವಿದ್ದೆವು, ಘಟ್ಟದ ಮೇಲಿನವರು. ಇಲ್ಲಿ ನಮ್ಮನ್ನು 'ಘಾಟಿ' ಎನ್ನುತ್ತಾರೆ. ನನಗೆ ಎಂಟು ವರ್ಷವಿರಬೇಕು. ನಲ್ಲಿಯ ಸರದಿಯಲ್ಲಿ ಅವ್ವನ ಕೊಡ ಮುಂದಿತ್ತು. ಒಡತಿ ಬಂದು ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ತಮ್ಮ ಹಂಡೆಯನ್ನಿಟ್ಟರು. 'ಘಾಟಿ' ಎಂದು ಒಂದೇ ಮಾತು ಆಡಿದರು. ತಾಮ್ರದ ಕೊಡ ಕಲ್ಲಿಗೆ ಉಜ್ಜಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವ್ವ ಏನೂ ಅನ್ನದೆ ಕೊಡವನ್ನು ಸಾಲಿನ ಕೊನೆಗೆ ಒಯ್ದರು. ಭಾಟಕಾರನ ಅಂಗಳದಲ್ಲಿ ಕೈಕಟ್ಟಿ ನಿಂತ ಮನೆಯವರೇ ನಮ್ಮನ್ನು ಹೀಗೆ ನಿಲ್ಲಿಸಿದರು. ಆ ಹೆಂಗಸು ಕೆಟ್ಟವರಾಗಿರಲಿಲ್ಲ. ಅವ್ವನಿಗೆ ವಿಷಮಶೀತ ಜ್ವರ ಬಂದು ಮಲಗಿದಾಗ ಹನ್ನೆರಡು ದಿನ ಗಂಜಿ ಕಾಯಿಸಿ ಕೊಟ್ಟವರೂ ಅವರೇ. ತಮ್ಮದು ಎಂಬ ಒಂದು ನೆಲ ಕೊನೆಗೂ ಸಿಕ್ಕಿತ್ತು. ಅದನ್ನು ಕಾಯಬೇಕೆಂಬ ಆತಂಕದಲ್ಲಿ ಅವರ ಕಾಲು ಕೊಡಕ್ಕೆ ತಾಗಿತು. ಹೊಸದಾಗಿ ಸ್ವಂತ ದೇಶ ಪಡೆದ ಜನರ ನಡತೆಯನ್ನು ಓದುವಾಗಲೆಲ್ಲ ನನಗೆ ಆ ಕಾಲು ಕಾಣುತ್ತದೆ.

ಬಾಂಗ್ಲಾದೇಶವನ್ನೇ ತೆಗೆದುಕೊಳ್ಳಿ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಹುಡುಗರು ಗುಂಡಿಗೆ ಎದೆಯೊಡ್ಡಿದರು. ಅಲ್ಲಿಂದ ಬೆಳೆದ ಹೋರಾಟ 1971ರಲ್ಲಿ ದೇಶವಾಯಿತು. ಆ ಬಿಡುಗಡೆ ನ್ಯಾಯವಾದದ್ದು. ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮರುವರ್ಷ ಸಂವಿಧಾನ ಬರೆಯುವಾಗ ದೇಶದ ಜನರೆಲ್ಲ ಬಂಗಾಳಿಗಳು ಎಂದು ಸಾರಿದರು. ಚಿತ್ತಗಾಂಗ್ ಗುಡ್ಡಗಾಡಿನ ಪ್ರತಿನಿಧಿ ಮಾನವೇಂದ್ರ ನಾರಾಯಣ ಲಾರ್ಮಾ ಎದ್ದು ನಿಂತು, ನಾವು ಚಕ್ಮಾಗಳು, ಬಂಗಾಳಿಗಳಲ್ಲ ಎಂದರು. ಯಾರೂ ಕಿವಿಗೊಡಲಿಲ್ಲ. ಭಾಷೆಗಾಗಿ ಸತ್ತವರ ನೆನಪಿನ ಮೇಲೆ ಕಟ್ಟಿದ ದೇಶ, ಇನ್ನೊಂದು ಭಾಷೆಯವರ ಹೆಸರನ್ನೇ ಬದಲಿಸಹೊರಟಿತು. ಗುಡ್ಡಗಾಡಿನಲ್ಲಿ ಬಂದೂಕು ಎದ್ದಿತು; ಒಪ್ಪಂದ ಆದದ್ದು 1997ರ ಡಿಸೆಂಬರ್‌ನಲ್ಲಿ. ಇತ್ತ ಉರ್ದು ಮಾತಾಡುವ ಬಿಹಾರಿಗಳು ಢಾಕಾದ ಮೊಹಮ್ಮದ್‌ಪುರದ ಶಿಬಿರಗಳಲ್ಲಿ ಉಳಿದರು. ಪಾಕಿಸ್ತಾನ ಕರೆದುಕೊಳ್ಳಲಿಲ್ಲ, ಬಾಂಗ್ಲಾದೇಶ ತನ್ನವರೆನ್ನಲಿಲ್ಲ. ಅವರು ಈ ದೇಶದ ಪ್ರಜೆಗಳು, ಮತದಾರರು ಎಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2008ರಲ್ಲಿ, ಮೂವತ್ತೇಳು ವರ್ಷದ ಮೇಲೆ. ಅಷ್ಟರಲ್ಲಿ ಶಿಬಿರದಲ್ಲಿ ಹುಟ್ಟಿದ ಮಕ್ಕಳಿಗೆ ಮಕ್ಕಳಾಗಿದ್ದವು. ನಮ್ಮ ದೊಡ್ಡಜ್ಜಿಗೆ ಆರಾರು ತಿಂಗಳಾದರೂ ಒಂದು ಮನೆಯಿತ್ತು.

ಗೋವಾದವರಿಗೆ ಹತ್ತಿರದ ಇನ್ನೊಂದು ನೆಲವಿದೆ, ಪೂರ್ವ ತಿಮೋರ್. ನಮ್ಮಂತೆಯೇ ಪೋರ್ಚುಗೀಸರ ಕೈಯಲ್ಲಿದ್ದದ್ದು. 1975ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಸೇನೆ ನುಗ್ಗಿತು. ಮುಂದಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಗುಂಡು, ಹಸಿವು, ರೋಗಗಳಿಗೆ ಕನಿಷ್ಠ ಒಂದು ಲಕ್ಷ ಜನ ಬಲಿಯಾದರು. 1999ರ ಆಗಸ್ಟ್ 30ರಂದು ಶೇಕಡಾ 78.5 ಜನ ಸ್ವಾತಂತ್ರ್ಯ ಬೇಕೆಂದು ಮತ ಹಾಕಿದರು. ನಾನು ಅಲ್ಲಿದ್ದಿದ್ದರೆ ನಾನೂ ಹಾಗೆಯೇ ಹಾಕುತ್ತಿದ್ದೆ. ಹೊಡೆಯುವವನ ಮನೆಯಲ್ಲೇ ಇದ್ದು ಹೊಂದಿಕೊಂಡು ಹೋಗು ಎಂದು ನೊಂದವರಿಗೆ ಬುದ್ಧಿ ಹೇಳುವುದು ಹೇಯ ಎಂದು ನಂಬಿದವರಲ್ಲಿ ನಾನೂ ಒಬ್ಬಳು. 2002ರಲ್ಲಿ ಅವರ ಬಾವುಟ ಹಾರಿತು. 2006ರಲ್ಲಿ, ಪಶ್ಚಿಮದ ಕಡೆಯವರಿಗೆ ಸೇನೆಯಲ್ಲಿ ತಾರತಮ್ಯವಾಗುತ್ತಿದೆ ಎಂದು ದೂರಿದ ಸುಮಾರು ಆರು ನೂರು ಸೈನಿಕರನ್ನು ವಜಾ ಮಾಡಲಾಯಿತು. ಪೂರ್ವದವರು, ಪಶ್ಚಿಮದವರು ಎಂದು ಅಲ್ಲಿನ ರಾಜಧಾನಿ ದಿಲಿಯ ಓಣಿಗಳು ಹೊತ್ತಿಕೊಂಡವು. ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟು ಓಡಿದರು. ಶತ್ರು ಎದುರಿಗಿದ್ದಾಗ ಮರೆತುಹೋಗಿದ್ದ ಗೆರೆ ಅದು. ಹಾಗೆಂದು ತಿಮೋರ್ ಬೇರೆಯಾದದ್ದು ತಪ್ಪೆಂದು ನಾನು ಎಂದೂ ಹೇಳುವುದಿಲ್ಲ. ಬಿಡುಗಡೆಯನ್ನು ಮದ್ದು ಎಂದು ಕರೆಯಬೇಡಿ ಎನ್ನುತ್ತೇನೆ, ಅಷ್ಟೇ. ಕುತ್ತಿಗೆಗೆ ಬಿದ್ದ ಕೈ ತೆಗೆದರೆ ಉಸಿರು ಬರುತ್ತದೆ; ಒಳಗಿನ ಕ್ಷಯ ಅದರಿಂದ ವಾಸಿಯಾಗುವುದಿಲ್ಲ.

ದಕ್ಷಿಣ ಸುಡಾನ್‌ನಲ್ಲಿ ಶೇಕಡಾ 98.83 ಮತ ಬೇರೆಯಾಗುವುದಕ್ಕೆ ಬಿತ್ತು. 2011ರ ಜುಲೈ 9ರಂದು ದೇಶ ಹುಟ್ಟಿತು, 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಪದಚ್ಯುತ ಉಪಾಧ್ಯಕ್ಷ ರಿಯೆಕ್ ಮಚಾರ್ ಅವರ ಕಡೆಯವರು ಬಡಿದಾಡಿಕೊಂಡರು, ಅದು ಅವರಿಬ್ಬರ ಬುಡಕಟ್ಟುಗಳಾದ ಡಿಂಕಾ-ನುಯೆರ್‌ಗಳ ನಡುವಿನ ಹತ್ಯಾಕಾಂಡವಾಯಿತು. ಈ ಕಥೆ ನಿಮಗೆ ಗೊತ್ತಿರಬಹುದು. ನನ್ನ ಮನಸ್ಸು ಹೆಚ್ಚು ಹಿಡಿದದ್ದು ಅಬಿಯೇ ಎಂಬ ಗಡಿ ಪ್ರದೇಶದ ಗೋಳು. ಯಾವ ಕಡೆ ಸೇರಬೇಕೆಂದು, ದಕ್ಷಿಣ ಸುಡಾನ್ ಮತ ಹಾಕಿದ ದಿನವೇ ಅಲ್ಲಿಯೂ ಮತದಾನ ಆಗಬೇಕಿತ್ತು, ಆಗಲೇ ಇಲ್ಲ. ಮತದಾರ ಯಾರು ಎಂಬುದೇ ತೀರ್ಮಾನವಾಗಲಿಲ್ಲ. ಊರು ಕಟ್ಟಿಕೊಂಡು ಕುಳಿತ ಙೋಕ್ ಡಿಂಕಾಗಳು ನಾವೇ ಎಂದರು. ಪ್ರತಿ ಬೇಸಿಗೆಯಲ್ಲಿ ದನ ಹೊಡೆದುಕೊಂಡು ಹುಲ್ಲು ನೀರಿಗೆ ಬರುವ ಮಿಸ್ಸೆರಿಯಾ ಅಲೆಮಾರಿಗಳು ನಾವೂ ಎಂದರು. ನಮ್ಮ ಎರೆಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಂದು ಕುರಿ ತರುಬುವ ಕುರುಬರನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅವರ ಊರು ಯಾವುದು? ನಡೆಯುವ ದಾರಿಯೇ ಅವರ ಊರು. ಜನರೇ ನಿರ್ಧರಿಸಲಿ ಎನ್ನುವುದು ಕಿವಿಗೆ ಇಂಪು. ಆ ಜನ ಯಾರೆಂದು ಮೊದಲು ಬೇರೆ ಯಾರೋ ನಿರ್ಧರಿಸಿರಬೇಕಲ್ಲ!

ಫ್ರೆಂಚ್ ಮಾತಿನವರೇ ಹೆಚ್ಚಿರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1995ರಲ್ಲಿ ಬೇರೆಯಾಗುವುದು ಬೇಡ ಎಂದವರು ಶೇಕಡಾ 50.58. ಅದಕ್ಕೆ ಕೆಲವು ದಿನ ಮೊದಲು ಅಲ್ಲಿನ ಉತ್ತರದ ಮೂಲನಿವಾಸಿ ಕ್ರೀಗಳು ತಮ್ಮದೇ ಮತದಾನ ನಡೆಸಿ, ನಮ್ಮನ್ನು ನಮ್ಮ ನೆಲದ ಸಮೇತ ಎಳೆದೊಯ್ಯಬೇಡಿ ಎಂದು ಶೇಕಡಾ 96ರಷ್ಟು ಮತ ಹಾಕಿದ್ದರು. ಫ್ರೆಂಚರ ಸ್ವಯಂನಿರ್ಣಯವನ್ನು ಎತ್ತಿಹಿಡಿಯುವವರು ಕ್ರೀಗಳದನ್ನು ಏನೆಂದು ತಳ್ಳಿಹಾಕಬೇಕು?

ಚೆನ್ನಾಗಿ ಪಾಲಾದವರು ಇಲ್ಲವೇ ಎಂದರೆ ಇದ್ದಾರೆ. ನಾರ್ವೆ ಮತ್ತು ಸ್ವೀಡನ್ 1905ರಲ್ಲಿ, ಜೆಕ್ ಮತ್ತು ಸ್ಲೊವಾಕರು 1993ರ ಜನವರಿ 1ರಂದು, ರಕ್ತವಿಲ್ಲದೆ ಬೇರೆಯಾದರು. ಅಲ್ಲಿ ಬದು ಮೊದಲೇ ಇತ್ತು. ತಪ್ಪು ಕಡೆ ಉಳಿದ ಮನೆಗಳು ಕಡಿಮೆ. ಕಲಸಿದ ಹಿಟ್ಟಿನಿಂದ ಉಪ್ಪನ್ನು ಬೇರ್ಪಡಿಸುವ ಕೆಲಸ ಅವರಿಗೆ ಬರಲಿಲ್ಲ. ಸರ್ಬರು, ಕ್ರೊಯೇಟರು, ಮುಸ್ಲಿಮರು ಬೆರೆತಿದ್ದ ಬೋಸ್ನಿಯಾಕ್ಕೆ ಬಂತು.

ನನಗೆ ತುಂಬ ಮೆಚ್ಚುಗೆಯಾದದ್ದು ಆಲಾಂಡ್ ದ್ವೀಪಗಳ ತೀರ್ಪು. ಅಲ್ಲಿನವರ ಮಾತು ಸ್ವೀಡಿಷ್, ಸೇರಬೇಕೆಂದದ್ದು ಸ್ವೀಡನ್‌ಗೆ. 1921ರಲ್ಲಿ ರಾಷ್ಟ್ರಸಂಘ ಅವರನ್ನು ಫಿನ್ಲೆಂಡ್‌ಗೇ ಉಳಿಸಿತು. ಆದರೆ ಬರಿಗೈಯಲ್ಲಿ ಬಿಡಲಿಲ್ಲ. ಶಾಲೆ ಅವರ ಮಾತಿನಲ್ಲಿಯೇ ನಡೆಯಬೇಕು, ಅವರ ನೆಲ ಹೊರಗಿನವರ ಕೈಸೇರದಂತೆ ಕಾವಲಿರಬೇಕು, ಅವರದೇ ಸಭೆ ಇರಬೇಕು, ದ್ವೀಪದಲ್ಲಿ ಸೇನೆಯ ಕೋಟೆ ಇರಕೂಡದು. ಅಂದರೆ ಪಾಲುಪತ್ರದಲ್ಲಿ ದೊಡ್ಡಜ್ಜಿಯ ಹೆಸರು, ಅವರ ಕೋಣೆ, ಅವರ ವರ್ಷದ ಕಾಳು ಎಲ್ಲವನ್ನೂ ಬರೆದರು. ನೂರು ವರ್ಷ ದಾಟಿದರೂ ಆ ಜಗಳಕ್ಕಾಗಿ ಅಲ್ಲಿ ರಕ್ತ ಹರಿದಿಲ್ಲ. ಬೇರೆಯಾಗಲಿ, ಒಟ್ಟಿಗಿರಲಿ, ಈ ಬರಹ ಮೊದಲು ಆಗಬೇಕು. ಬಾವುಟ ಹಾರಿದ ಮೇಲೆ ನೋಡೋಣ ಎಂದವರು ಆಮೇಲೆ ನೋಡಿದ್ದನ್ನು ನಾನು ಕಂಡಿಲ್ಲ.

ಇತಿಹಾಸವನ್ನು ಕೇಳಿ ಗಡಿ ಹಾಕಿ ಎನ್ನುವವರೂ ಇದ್ದಾರೆ. ಗೋವಾ ಸರ್ಕಾರದ ಬಸ್ಸುಗಳ ಮೈಮೇಲೆ 'ಕದಂಬ' ಎಂದು ಬರೆದಿದೆ. ಚಂದ್ರಪುರದಿಂದ ಆಳಿದ ಗೋವಾ ಕದಂಬರು ಕನ್ನಡ ಶಾಸನಗಳನ್ನು ಹಾಕಿಸಿದವರು. ಹಾಗೆಂದು ಗೋವಾ ನಮ್ಮದು ಎಂದು ಆ ಬಸ್ಸಿನಲ್ಲಿ ಕುಳಿತು ನಾನು ಹೇಳಿದರೆ ಪಕ್ಕದ ಸೀಟಿನ ಮೀನುಗಾರ್ತಿ ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡುತ್ತಾಳೆ. ಮಹದಾಯಿ ನದಿಯದೂ ಇದೇ ಪಾಡು. ನವಲಗುಂದದಲ್ಲಿ ನನ್ನ ದೊಡ್ಡಪ್ಪನ ಮಕ್ಕಳು ಆ ನೀರಿಗಾಗಿ ಧರಣಿ ಕುಳಿತರು. ನಾನು ಗೋವಾದಲ್ಲಿ ಕುಳಿತಿದ್ದೇನೆ. 2018ರಲ್ಲಿ ನ್ಯಾಯಮಂಡಳಿ ಪಾಲು ಹೇಳಿದರೂ ಬದುವಿನ ಮೇಲಿನ ಬೇವಿನ ಗಿಡ ಇನ್ನೂ ಯಾರದೆಂದು ತೀರಿಲ್ಲ.

ನಿಮ್ಮ ಪ್ರಶ್ನೆಯಲ್ಲಿ 'ಸಾಮಾಜಿಕ ಸಂಘರ್ಷ' ಎಂಬ ಮಾತೂ ಇದೆ. ಅದಕ್ಕೆ ದೂರದ ದೇಶಗಳೇ ಬೇಕಿಲ್ಲ. ನಮ್ಮ ಪ್ರತಿ ಹಳ್ಳಿಯಲ್ಲಿ ಊರು ಬೇರೆ, ಕೇರಿ ಬೇರೆ. ಬಾವಿ ಬೇರೆ, ಸುಡುಗಾಡು ಬೇರೆ. ಬೇರೆ ಇಟ್ಟರೆ ಜಗಳ ತೀರುವುದಾದರೆ ಸಾವಿರಾರು ವರ್ಷಗಳ ಹಿಂದೆಯೇ ತೀರಬೇಕಿತ್ತು. ಅಲ್ಲಿ ಬೇರೆ ಇಟ್ಟದ್ದೇ ಅನ್ಯಾಯ. 1955ರಲ್ಲಿ, ಭಾಷಾವಾರು ರಾಜ್ಯಗಳ ಹೊಸ್ತಿಲಲ್ಲಿ, ಅಂಬೇಡ್ಕರ್ ಇದನ್ನು ಎಚ್ಚರಿಸಿದ್ದರು. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ ಎಂದು ಅವರೂ ಒಪ್ಪಿದ್ದರು. ಆದರೆ ಅಂಥ ರಾಜ್ಯದಲ್ಲಿ ಒಂದು ದೊಡ್ಡ ಜಾತಿ ಉಳಿದ ಚಿಕ್ಕ ಜಾತಿಗಳನ್ನು ತುಳಿಯುವ ಅಪಾಯವನ್ನು ಬಿಡಿಸಿ ಹೇಳಿದ್ದರು. ಗಡಿಯ ಎರಡೂ ಕಡೆ ಅದು ಎಷ್ಟು ನಿಜವಾಯಿತು ಎಂಬುದು ನಮಗೆಲ್ಲ ಗೊತ್ತು.

ನಾನು ಕಣ್ಣಾರೆ ಕಂಡದ್ದು ಒಂದನ್ನು ಹೇಳುತ್ತೇನೆ. ವಾಸ್ಕೋದ ಬೈನಾ ಕಡಲದಂಡೆಯ ಮನೆಗಳು 2004ರಲ್ಲಿ ನೆಲಸಮವಾದವು. ಅಲ್ಲಿದ್ದವರಲ್ಲಿ ಕನ್ನಡದವರು ಬಹಳ. ಅದಾದ ಕೆಲವು ವರ್ಷಗಳಿಗೆ, ಹಾಗೆ ಮನೆ ಕಳೆದುಕೊಂಡು ಜುವಾರಿನಗರದಲ್ಲಿ ನೆಲೆಸಿದ್ದ ಒಬ್ಬ ತಾಯಿ ಶಾಲೆಗೆ ಬಂದರು. ಮೂರನೆಯ ತರಗತಿಯ ಹುಡುಗನ ತಾಯಿ. ಜೀವನವಿಡೀ 'ಘಾಟಿ' ಎನಿಸಿಕೊಂಡವರು, ಆ ನೋವನ್ನು ನನ್ನೆದುರು ತೋಡಿಕೊಂಡು ಅತ್ತವರು. ಅಂದು ಬಂದದ್ದು ಬೇರೆ ಕೆಲಸಕ್ಕೆ. ಮಗನ ಬೆಂಚಿನಲ್ಲಿ ಕೂರುವ ಹುಡುಗಿ ಅವನ ಬಾಟಲಿಯಿಂದ ನೀರು ಕುಡಿದಿದ್ದಳಂತೆ. "ಅವರು ನಮ್ಮ ಪೈಕಿ ಅಲ್ಲ ಟೀಚರ್, ನಿಮಗೆ ಗೊತ್ತಲ್ಲ" ಎಂದರು ಮೆಲ್ಲಗೆ. ಆ ಹುಡುಗಿಯೂ ಗದಗ ಕಡೆಯವಳೇ. ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಅವಳ ಮನೆಯೂ ಅದೇ ಬೈನಾದಲ್ಲಿ ನೆಲಕ್ಕುರುಳಿತ್ತು. ಹುಡುಗಿ ಬಾಗಿಲ ಹತ್ತಿರವೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತ.

ಬೆಂಚು ಬದಲಿಸುವುದಿಲ್ಲ ಎಂದೆ. ಆ ತಾಯಿ ಮಗನನ್ನು ಎಬ್ಬಿಸಿಕೊಂಡು ಹೊರಟುಹೋದರು. ಒಂದು ವಾರ ಹುಡುಗ ಬರಲಿಲ್ಲ. ಎಂಟನೆಯ ದಿನ ಹೊಸ ಬಾಟಲಿ ಹಿಡಿದುಕೊಂಡು ಬಂದು ಅದೇ ಬೆಂಚಿನಲ್ಲಿ ಕುಳಿತ. ಹುಡುಗಿ ತುಸು ಸರಿದು ಜಾಗ ಮಾಡಿಕೊಟ್ಟಳು.